ಮಾವನ ಬಾಯಲ್ಲಿ ಉಳಿದ ಆಬರ್

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಮೊಬೈಲ್ ಮುಂದೆ ಕೂತು "ಆಬರ್... ಆಬರ್..." ಎಂದು ಬಾಯಿಪಾಠ ಮಾಡುತ್ತಿದ್ದಳು. ನಾನು ಎದ್ದುಹೋಗಿ ಮೊದಲು ಕಿಟಕಿ ಹಾಕಿದೆ.

ಅವಳು ನರ್ಸಿಂಗ್ ಮುಗಿಸಿದವಳು, ಈಗ ಜರ್ಮನ್ ಕ್ಲಾಸಿಗೆ ಸೇರಿದ್ದಾಳೆ. "ಎಂತಕ್ ಅಜ್ಜಿ ಕಿಟ್ಕಿ ಹಾಕ್ದ್ರಿ, ಸೆಕೆ ಅಲ್ದಾ?" ಎಂದಳು. ಸೊಳ್ಳೆ ಬರುತ್ತದೆ ಎಂದೆ... ಅಷ್ಟು ಬಿಸಿಲಲ್ಲಿ ಎಲ್ಲಿಯ ಸೊಳ್ಳೆ.

ನಿಜ ಸಂಗತಿ ಇಲ್ಲಿ ಬರೆಯುತ್ತೇನೆ. ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅದು ಯುದ್ಧದ ಕಾಲ. ನಮ್ಮ ಮನೆ ಬೀಜಾಡಿಯಲ್ಲಿ. ಅಮ್ಮನ ತಮ್ಮ, ನನ್ನ ಮಾವ, ಉತ್ತರದ ಕಡೆಯ ಒಂದು ಕ್ಯಾಂಪಿನಲ್ಲಿ ಅಡುಗೆಗೆ ಇದ್ದರು. ಈ ದೇಶದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರ್ಕಾರ ಹಿಡಿದು ಅಂಥ ಕಡೆ ಕೂಡಿಹಾಕಿತ್ತು.

ಅಡುಗೆಯವರು ಕೈದಿಗಳ ಹತ್ತಿರ ಮಾತಾಡಬಾರದು, ಮಾತಾಡಿದರೆ ಜೈಲು. ಹಾಗೆಂದು ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ.

ಮಲೇರಿಯ ಹಿಡಿದು ಮಾವ ಊರಿಗೆ ಬಂದರು. ಜ್ವರ ಏರಿದಾಗ ಬಾಯಲ್ಲಿ ಏನೇನೋ. ಆಬರ್. ಉಂಡ್. ಓಡರ್. ನನ್ನ ಅಜ್ಜಿ, ಮಾವನ ತಾಯಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರು.

ಜ್ವರ ಬಿಟ್ಟಿತು. ಆ ಮಾತುಗಳು ಬಿಡಲಿಲ್ಲ. "ಗಂಜಿ ಹಾಕ್, ಆಬರ್ ಉಪ್ಪ್ ಬೇಡ" ಎನ್ನುತ್ತಿದ್ದರು. ಹಾಗೆ ಹೇಳಿದ್ದು ಅವರಿಗೇ ತಿಳಿಯುತ್ತಿರಲಿಲ್ಲ.

ನೆರೆಯವರು ಬೇಲಿಯ ಆಚೆಯಿಂದ ಕಿವಿಗೊಟ್ಟರು. ಕ್ಯಾಂಪಿನಲ್ಲಿ ಸತ್ತ ಯಾವನೋ ಮೈಯೊಳಗೆ ಹೊಕ್ಕು ಬಂದಿದ್ದಾನೆ ಎಂದು ಮಾತು ಹುಟ್ಟಿತು. ನಾನು ಆಗ ಸಣ್ಣವಳು, ಮಾವನ ನೆರಳು ತಾಗದ ಹಾಗೆ ಗೋಡೆ ಹಿಡಿದು ನಡೆಯುತ್ತಿದ್ದೆ.

ಒಂದು ದಿನ ಮಾವನೇ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡರು. ಅಜ್ಜಿಯೂ ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದರು.

ಕ್ಯಾಂಪಿನಲ್ಲಿ ಒಬ್ಬ ಮುದುಕ ಪಾದ್ರಿ ಇದ್ದರಂತೆ. ನಮ್ಮ ಕರಾವಳಿಯಲ್ಲಿ ಬಹಳ ಕಾಲ ಇದ್ದು ಕನ್ನಡ ಕಲಿತ ಜರ್ಮನ್. ಬಟಾಟೆ ಸಿಪ್ಪೆ ತೆಗೆಯುವಾಗ ಮಾವನ ಪಕ್ಕ ಕೂತು ಮೆಲ್ಲಗೆ ಕನ್ನಡದಲ್ಲಿ ಮಾತಾಡುತ್ತಿದ್ದರಂತೆ. ಆಬರ್ ಎಂದರೆ ಆದರೆ, ಉಂಡ್ ಎಂದರೆ ಮತ್ತು, ಓಡರ್ ಎಂದರೆ ಅಥವಾ... ಅಷ್ಟೇ. ಯಾವುದರ ಹೆಸರೂ ಅಲ್ಲ, ಹೂ ಕಟ್ಟುವ ದಾರದ ಹಾಗೆ ಮಾತಿಗೆ ಮಾತು ಪೋಣಿಸುವಂಥದ್ದು.

"ದೊಡ್ಡ ಮಾತೆಲ್ಲ ಹಡಗ್ ಹತ್ತಿ ಬತ್ತ್ ಕಾಣ್ ಮಗಾ. ಬಟಾಟಿ, ಸಾಬೂನು, ಚಾವಿ ಎಲ್ಲ ಹಾಂಗೇ ಬಂದದ್ದ್. ಈ ಸಣ್ಣ ಮಾತ್ ಬಪ್ಪುದ್ ಕಮ್ಮಿ. ಅದ್ ಆಯಾ ಮನಿಯಗೇ ಹುಟ್ಟಿ ಬೆಳ್ದದ್ದ್" ಎಂದು ಪಾದ್ರಿಯ ಮಾತನ್ನೇ ಮಾವ ಹೇಳಿದರು.

ಅದಕ್ಕೇ ಸಣ್ಣ ಮಾತು ನೋಡಿ ಮನೆತನ ಹೇಳಬಹುದಂತೆ. ಇಂಗ್ಲಿಷರ ಆಂಡ್, ಜರ್ಮನರ ಉಂಡ್ ಒಂದೇ ಅಜ್ಜಿಯ ಮೊಮ್ಮಕ್ಕಳು. ಕ್ಯಾಂಪಿನ ಕಾವಲಿಗೆ ಐರ್ಲೆಂಡಿನವನೊಬ್ಬ ಇದ್ದ, ಅವನ ಊರಿನ ಹಳೇ ಮಾತಿನಲ್ಲಿ 'ಮತ್ತು' ಎನ್ನಲಿಕ್ಕೆ ಅಗುಸ್ ಅನ್ನುವುದಂತೆ. ಅವರದು ಬೇರೆ ಕವಲು, ದೂರದ ನೆಂಟರು.

"ಒಂದೇ ಮನಿಯವ್ರ್ ಈಗ ಬಾಂಬ್ ಹಾಯ್ಕಂತಿದ್ರ್" ಎಂದು ಮಾವ ನಕ್ಕರು.

ಅಜ್ಜಿ ನಗಲಿಲ್ಲ. ತುರಿಯುವ ಕೈ ನಿಂತಿತ್ತು. ಪ್ರೇತ ಅಲ್ಲ ಎಂದು ನನಗೆ ಉಸಿರು ಬಂದಿದ್ದೇ ತಡ, ಅಜ್ಜಿಯ ಮುಖ ನೋಡಿ ಅದಕ್ಕಿಂತ ದೊಡ್ಡ ಹೆದರಿಕೆ ಹೊಕ್ಕಿತು. ಬೇಲಿಯ ಆಚೆ ಕೇಳುತ್ತಿರುವುದು ಸರ್ಕಾರದ ವೈರಿಗಳ ಮಾತು.

ಆ ವಾರವೇ ಪಟೇಲರ ಉಗ್ರಾಣಿ ಬಂದ. ಊರಿನ ಸುದ್ದಿ ಪೊಲೀಸರಿಗೆ ಮುಟ್ಟಿಸುವುದೂ ಅವನ ಕೆಲಸವೇ. ಅಂಗಳದಲ್ಲೇ ನಿಂತು, "ಎಂತ ಮರಾಯ, ಅಡುಗಿ ಮಾಡೂಕ್ ಹೋದವ ಮಂತ್ರ ಕಲ್ತ್ ಬಂದ್ಯಂಬ್ರ್?" ಎಂದ.

ಮಾವ ಬಾಯಿ ತೆರೆಯುವ ಮೊದಲೇ ಅಜ್ಜಿ ನಡುವೆ ಬಂದು, ಇವನ ಮೈಮೇಲೆ ಏನೋ ಬಂದಿದೆ, ದೈವ ಮೈಮೇಲೆ ಬರುವ ಪಾತ್ರಿಯನ್ನು ಕರೆಸಿ ದರ್ಶನ ಮಾಡಿಸುತ್ತೇವೆ, ಪಟೇಲರೂ ಬರಲಿ ಎಂದುಬಿಟ್ಟರು.

ಅವನು ಹೋದ ಮೇಲೆ ಮಾವ ಅತ್ತರು. ಅಜ್ಜಿ ಹೇಳಿದ್ದು ಇಷ್ಟೇ. "ಪೊಲೀಸ್ರ್ ಕರ್ಕಂಡ್ ಹೋರೆ ತಿರ್ಗಿ ಬತ್ತಿಲ್ಲ. ಭೂತ ಹಿಡ್ದ್ರೆ ಮನಿಯಗಾದ್ರೂ ಇರ್ತೆ."

ನನ್ನನ್ನು ಮರುದಿನದಿಂದಲೇ ಶಾಲೆ ಬಿಡಿಸಿದರು. ಮಕ್ಕಳ ಜೊತೆ ಬಾಯಿ ಬಿಟ್ಟರೆ?

ದರ್ಶನದ ದಿನ ಅಂಗಳ ತುಂಬ ಜನ. ನಮ್ಮ ಮನೆ ದೈವ ಪಾತ್ರಿಯ ಮೈಮೇಲೆ ಬಂತು. ಒಂದು ಕೈಯಲ್ಲಿ ಅಡಿಕೆಯ ಸಿಂಗಾರದ ಹೂ, ಇನ್ನೊಂದು ಕೈಯಲ್ಲಿ ಬೆತ್ತ. ಪಟೇಲರು ಎದುರಿಗೇ ಕೂತಿದ್ದಾರೆ. ನಾನು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ ಒಂದು ಕಣ್ಣಲ್ಲಿ ನೋಡುತ್ತಿದ್ದೇನೆ.

ಯಾರು ನೀನು, ಹೆಸರು ಹೇಳು ಎಂದು ದೈವ ಕೇಳುತ್ತದೆ. ಮಾವ ಬೆವರುತ್ತಾರೆ. ಬೆತ್ತ ಏಳುತ್ತದೆ. ಮಾವನ ಬಾಯಿಂದ ಬರುವುದು ಅದೇ... ಆಬರ್, ಉಂಡ್, ಓಡರ್, ಅಗುಸ್, ಆಬರ್...

ಬೆತ್ತ ಕೆಳಗಿಳಿಯಿತು. ದೈವ ಸಿಂಗಾರವನ್ನು ಮಾವನ ತಲೆಗೆ ಮುಟ್ಟಿಸಿ ನುಡಿಯಿತು.

"ಇದ್ರಗೆ ಹೆಸ್ರೇ ಇಲ್ಲ. ಬರೀ ದಾರ ಇತ್ತ್, ಹೂಗ್ ಇಲ್ಲ. ಹೆಸ್ರಿಲ್ದಿದ್ದನ್ನ ನಾನ್ ಹ್ಯಾಂಗ್ ಕಳ್ಸೂದ್? ಅದ್ ಇವ್ನ್ ಒಳ್ಗೇ ಇರತ್ತ್."

ಮಾವ ಅಡುಗೆಮನೆಯಲ್ಲಿ ಹೇಳಿದ್ದನ್ನು ದೈವಕ್ಕೆ ಯಾರು ಹೇಳಿದರು?

ಪಟೇಲರು ಕೈಮುಗಿದು ಎದ್ದುಹೋದರು. ಪೊಲೀಸರು ಬರಲೇ ಇಲ್ಲ. ಆದರೆ ಮಾವನಿಗೆ ಗೊತ್ತು ಮಾಡಿದ್ದ ಯಡ್ತರೆಯ ಹೆಣ್ಣಿನ ಕಡೆಯವರೂ ಬರಲಿಲ್ಲ. ಬಸ್ರೂರಿನಿಂದ ಬ್ರಹ್ಮಾವರದವರೆಗೆ ಮದುವೆ ಅಡುಗೆಗೆ ಹೋಗುತ್ತಿದ್ದ ಮಾವನ ಕೈ... ಆ ಕೈಯ ಅಡುಗೆಯನ್ನು ಊರಲ್ಲಿ ಯಾರೂ ಉಣ್ಣಲಿಲ್ಲ. ನಾವು ಮನೆಯವರು ಮಾತ್ರ ಬಾಗಿಲು ಹಾಕಿಕೊಂಡು ಉಂಡೆವು.

ಯುದ್ಧ ಮುಗಿಯಿತು, ಬ್ರಿಟಿಷರೂ ಹೋದರು. ಈಗ ನಿಜ ಹೇಳೋಣ ಎಂದು ಅಮ್ಮ ಅಂದರೆ ಅಜ್ಜಿ ಒಪ್ಪಲಿಲ್ಲ. ದೈವದ ಎದುರು ನಾಟಕ ಆಡಿದ ಮನೆ ಎಂದಾಗುತ್ತದೆ. ಆ ಹೆದರಿಕೆ ಪೊಲೀಸರದ್ದಕ್ಕಿಂತ ದೊಡ್ಡದು.

ಮಾವ ಮುದುಕರಾಗಿ ಮಲಗಿದ್ದಾಗ ಒಮ್ಮೆ ನನ್ನ ಕೈ ಹಿಡಿದು ಕೇಳಿದರು. "ಅದ್ ಬರೀ ಮಾತೇ ಅಲ್ದಾ ಮಗಾ?"

ಹೌದು ಮಾವ, ಬರೀ ಮಾತು ಎಂದೆ. ನನ್ನ ಧ್ವನಿ ಗಟ್ಟಿ ಇರಲಿಲ್ಲ.

ಈಗ ಮೊಮ್ಮಗಳು ಅದನ್ನೇ ಫೀಸ್ ಕಟ್ಟಿ ಕಲಿಯುತ್ತಿದ್ದಾಳೆ. ನಾನು ಇದನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ.

ಇಷ್ಟು ವರ್ಷ ಆಯಿತಲ್ಲ... ಇನ್ನು ಯಾರೂ ಕೇಳಿಕೊಂಡು ಮನೆಗೆ ಬರಲಿಕ್ಕಿಲ್ಲ, ಅಲ್ಲವಾ?