ಅಕ್ಕನ ಎಡಗಿವಿಯ ನಾದ

ಕಿವಿ ಮಿಷನ್ ಅಂಗಡಿಯವನನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ಯಾಕಂತೆ’. ಪಕ್ಕದ ಬೇಕರಿಯವನು ಬ್ರೆಡ್ಡಿನ ಜೊತೆ ಒಂದು ಬಿಸ್ಕತ್ತು ಸುಮ್ಮನೆ ಹಾಕಿಕೊಟ್ಟರೆ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ‘ಯಾಕಂತೆ?’ ಅನ್ನುವನು. ಎದುರುಮನೆಯವರು ಬಾಗಿಲಿಗೆ ಹೊಸ ಬಣ್ಣ ಬಳಿಸಿದರೂ ‘ಯಾಕಂತೆ?’. ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ಇದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಆಮೇಲೆ ‘ನಿಮ್ಮನ್ನೇ ಕೇಳ್ಕೊಳ್ಳಿ’ ಅನ್ನುವುದನ್ನು ಕಲಿತಳು.

ಹುಟ್ಟಾ ಸಂಶಯದವನೇನಲ್ಲ. ಕಸುಬು ಅವನನ್ನು ಹಾಗೆ ಮಾಡಿತ್ತು. ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಕೇಳಿಸದಿದ್ದರೂ ಕೇಳಿಸಿತು ಅಂತ ತಲೆಯಾಡಿಸುವವರು. ಮಗಳು ಕಿವಿಯ ಹತ್ತಿರ ಬಂದು ‘ಅಪ್ಪಾ, ಕೇಳಿಸ್ತಾ?’ ಅಂದರೆ, ಅವಳ ತುಟಿ ನೋಡಿಕೊಂಡು ‘ಓಹೋ, ಚೆನ್ನಾಗಿ’ ಅಂದುಬಿಡುವ ಮುದುಕರು. ಪರೀಕ್ಷೆಯ ಕೋಣೆಯಲ್ಲಿ ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರೆ, ಗಾಜಿನಾಚೆ ಇವನ ಕೈ ಅಲುಗಿದ್ದು ನೋಡಿ ಗುಂಡಿ ಒತ್ತುವ ಜಾಣರು. ಅದಕ್ಕೇ ಅವನು ಗಾಜಿಗೆ ಒಂದು ಪರದೆ ಹಾಕಿಸಿದ್ದ. ಇಷ್ಟು ವರ್ಷ ಜನ ತಲೆಯಾಡಿಸುವುದನ್ನು ನೋಡಿ ನೋಡಿ, ಯಾರು ‘ಹೂಂ’ ಅಂದರೂ ಅದು ನಿಜವಾದ ಹೂಂ ಹೌದೋ ಅಲ್ಲವೋ ಎಂದು ಅಳೆಯುವುದು ಅವನಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು.

ಲೋಕದಲ್ಲಿ ಅವನು ಅಳೆಯದೆ ನಂಬಿದ ಜೀವ ಒಂದೇ, ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಶರ್ಟಿನ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕನೇ ಓದು ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಅವನನ್ನು ಸಾಕಿದಳು. ಮದುವೆಯಾಗಿ ಎರಡು ಬೀದಿ ಆಚೆ ಹೋದ ಮೇಲೂ ಅವಳ ಮನೆಯ ಒಂದು ಕೀಲಿ ಇವನ ಜೇಬಿನಲ್ಲೇ ಇರುತ್ತಿತ್ತು. ಮಕ್ಕಳಾಗಲಿಲ್ಲ. ಹೋದ ವರ್ಷ ಭಾವ ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಕುಸಿದರು. ಅಂದಿನಿಂದ ಅಕ್ಕ ಒಬ್ಬಳೇ. ‘ನಮ್ಮನೇಗೇ ಬಂದುಬಿಡು’ ಅಂತ ಅವನೂ ಹೆಂಡತಿಯೂ ಕರೆದರು. ‘ನನ್ನ ಮಿಷನ್ ಇಡೋಕೆ ನಿಮ್ಮನೇಲಿ ಕಿಟಕಿ ಎಲ್ಲಿದೆ?’ ಅಂತ ಅವಳು ಮಾತು ತೇಲಿಸಿದಳು.

ಆಮೇಲೆ ಅವಳ ಬಾಯಲ್ಲಿ ಹೊಸ ಮಾತುಗಳು ಬರತೊಡಗಿದವು.

ಮೊದಲು ಬಂದದ್ದು ವಿರಹ. ತಟ್ಟೆಯ ಮುಂದೆ ಕುಳಿತು, ತುತ್ತು ಕೈಯಲ್ಲೇ ಹಿಡಿದು, ‘ವಿರಹ ಅನ್ನೋದು ಶಾಪ ಅಲ್ಲ ಕಣೋ, ಅದೂ ಒಂದು ದಾರಿ. ಅವನು ದೂರ ಇದಾನೆ ಅಂತ ಅನ್ನಿಸಿದಾಗಲೇ ಅವನ ಕಡೆ ನಡೆಯೋಕೆ ಶುರು ಮಾಡೋದು’ ಅಂದಳು.

ಯಾಕಂತೆಯ ಕಿವಿ ನಿಮಿರಿತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದ: ‘ಅಕ್ಕ ಅವನು ಅವನು ಅಂತಿದ್ದಾಳೆ. ಯಾರಂತೆ ಅವನು?’

‘ದೇವರಿರಬೇಕು ರೀ.’

‘ದೇವರನ್ನ ಯಾರಾದ್ರೂ ಹಂಗೆ ಕಣ್ಣು ಮುಚ್ಚಿಕೊಂಡು ಅವನು ಅಂತಾರಾ?’

‘ಯಾರಾದ್ರೂ ಇದ್ರೂ ಇರಲಿ ಬಿಡಿ. ಅತ್ತಿಗೆಗೇನು ವಯಸ್ಸಾಗಿಹೋಗಿದೆಯಾ?’ ಎಂದು ಅವಳು ನಗುತ್ತಾ ಬಟ್ಟೆ ಮಡಿಸಿದಳು. ಅವನಿಗೆ ನಗು ಬರಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಕೆಲವರು ಸೇರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದ ಒಬ್ಬ ಹೆಂಗಸು ಅದನ್ನು ನಡೆಸುತ್ತಾಳೆ. ಎಲ್ಲರೂ ಅವಳನ್ನು ಕಂಡಕ್ಟರಮ್ಮ ಅನ್ನುತ್ತಾರೆ. ಭಕ್ತರೂ ಅನುಭಾವಿಗಳೂ ಬಳಸಿದ ಒಂದೊಂದು ಮಾತನ್ನು ಒಂದೊಂದು ವಾರ ತೆಗೆದುಕೊಂಡು, ಅದರ ಅರ್ಥವೇನು, ನಮ್ಮ ಬಾಳಿನಲ್ಲಿ ಅದಕ್ಕೆ ಎಲ್ಲಿ ಜಾಗ ಎಂದು ಮಾತಾಡಿಕೊಳ್ಳುತ್ತಾರೆ. ಕಾಣಿಕೆ ಡಬ್ಬಿ ಇಲ್ಲ.

ಡಬ್ಬಿ ಇಲ್ಲ ಅಂದದ್ದಕ್ಕೂ ಅವನು ‘ಯಾಕಂತೆ?’ ಅಂದ. ಚಿಲ್ಲರೆಗೆ ಕೈ ಹಾಕದವರು ಇಡಿಗಂಟಿಗೇ ಹೊಂಚು ಹಾಕಿರುತ್ತಾರೆ ಎಂದು ಅವನ ಲೆಕ್ಕ. ಅಕ್ಕನ ಹೆಸರಿಗೆ ಮನೆ ಇದೆ. ಹಿಂದೆ ಮುಂದೆ ಯಾರೂ ಇಲ್ಲ. ಸಾಲದ್ದಕ್ಕೆ ಮುಂದಿನ ವಾರ ಅವಳು ತಂದ ಮಾತು ಸಮರ್ಪಣೆ.

‘ಏನನ್ನ ಸಮರ್ಪಿಸಬೇಕಂತೆ?’ ಅಂದ, ಆದಷ್ಟು ಮೆತ್ತಗೆ.

‘ನನ್ನದು ಅನ್ನೋದನ್ನ.’

‘ನನ್ನದು ಅಂದ್ರೆ? ಮನೆ, ಸೈಟು?’

ಅಕ್ಕ ಅವನನ್ನು ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆ ನೋಡಿದಳು. ‘ನಿನ್ನ ತಲೆಗೆ ಮನೆ ಬಿಟ್ಟು ಬೇರೇನೂ ಹೊಳೆಯೋದೇ ಇಲ್ವಲ್ಲೋ.’

ಆ ತಿಂಗಳು ಅವಳಲ್ಲಿ ಇನ್ನೂ ಕೆಲವು ಬದಲಾವಣೆಗಳು ಕಂಡವು. ಫೋನು ಬಂದರೆ ಬಲಗಿವಿಗೇ ಹಿಡಿಯುವಳು. ಅಂಗಳದಲ್ಲಿ ನಡೆಯುವಾಗ ಗೋಡೆಗೆ ಬೆರಳು ತಾಗಿಸಿಕೊಂಡು ನಡೆಯುವಳು. ಮಾತಿನ ನಡುವೆ ಎಲ್ಲೋ ಆಲಿಸುವಂತೆ ತಲೆ ವಾಲಿಸಿ, ತುಟಿಯಂಚಿನಲ್ಲಿ ನಗುವಳು. ಇದೆಲ್ಲ ಮಂಕುಬೂದಿಯ ಪ್ರಭಾವ ಅಂತಲೇ ಅವನು ಎಣಿಸಿದ. ಒಂದು ದಿನ ಅವನ ಹೆಂಡತಿಯ ಹತ್ತಿರ ಅಕ್ಕ ಗುಟ್ಟು ಬಿಚ್ಚಿದಳಂತೆ. ಅವಳಿಗೆ ನಾದ ಕೇಳಿಸುತ್ತಿದೆ. ತಂತಿ ಮೀಟದೆ, ಚರ್ಮ ಬಡಿಯದೆ, ಎರಡು ವಸ್ತು ಒಂದಕ್ಕೊಂದು ತಾಗದೆ ತಾನಾಗಿ ಹುಟ್ಟುವ ನಾದ. ಅದಕ್ಕೆ ಅನಾಹತ ಅನ್ನುತ್ತಾರೆ. ‘ನನ್ನಂಥವಳಿಗೂ ಬಂತಲ್ಲ’ ಎನ್ನುವಾಗ ಅತ್ತಿಗೆಯ ಕಣ್ಣು ಒದ್ದೆಯಾಗಿತ್ತು ಅಂತ ಹೆಂಡತಿ ಹೇಳಿದಳು.

ಕಿವಿಯಲ್ಲಿ ಸದ್ದು ಬರುತ್ತದೆ ಎಂದು ದಿನವೂ ಜನ ಅವನ ಅಂಗಡಿಗೆ ಬರುತ್ತಾರೆ. ಕೆಲವರಿಗೆ ಜೀರುಂಡೆ, ಕೆಲವರಿಗೆ ಕುಕ್ಕರಿನ ಸೀಟಿ. ಅಂಥ ಸದ್ದಿಗೆ ದೇವರ ಹೆಸರಿಟ್ಟು ಅಕ್ಕನ ತಲೆಗೆ ತುಂಬಿದ್ದಾರೆ ಎಂದು ಕೇಳಿ ಅವನ ಮೈ ಉರಿದುಹೋಯಿತು. ಮರುವಾರ ಅಂಗಡಿ ಬೇಗ ಮುಚ್ಚಿ ಲಾಂಡ್ರಿಯ ಮೆಟ್ಟಿಲು ಹತ್ತಿದ. ಅಕ್ಕ ಅಂದು ತಲೆ ತಿರುಗಿ ಮನೆಯಲ್ಲೇ ಮಲಗಿದ್ದು ಅವನಿಗೆ ಒಳ್ಳೆಯದೇ ಆಯಿತು.

ಕೋಣೆಯಲ್ಲಿ ಇಸ್ತ್ರಿ ಬಟ್ಟೆಯ ಬಿಸಿ ವಾಸನೆ. ಜೋಡಿಯಿಲ್ಲದ ಕುರ್ಚಿಗಳು, ಒಂದು ಹೂಜಿ, ಲೋಟಗಳು. ಪಟವಿಲ್ಲ, ಪೀಠವಿಲ್ಲ. ಕಂಡಕ್ಟರಮ್ಮ ಕಡ್ಡಿಯಂಥ ಹೆಂಗಸು. ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ದನಿ. ಯಾಕಂತೆ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕುಳಿತ.

ಅಂದಿನ ಮಾತು ಶರಣಾಗತಿ. ಒಬ್ಬ ಬಡಗಿ, ತನ್ನ ಕುಡಿತ ಬಿಟ್ಟದ್ದು ಹಟದಿಂದಲ್ಲ, ಹಟ ಸೋತ ಮೇಲೆ ಎಂದು ಹೇಳಿದ. ಒಬ್ಬ ದಾದಿ ಮಾತ್ರ, ‘ನಂಗೆ ಈ ಮಾತೇ ಇಷ್ಟ ಇಲ್ಲ. ಗಂಡನ ಮುಂದೆ ಶರಣಾಗಿ ಆಗಿ ಸಾಕಾಗಿದೆ, ಇಲ್ಲೂ ಅದೇನಾ?’ ಅಂದಳು. ಕಂಡಕ್ಟರಮ್ಮ ಅವಳಿಗೆ ಬುದ್ಧಿ ಹೇಳಲಿಲ್ಲ. ‘ಅದು ಸರಿಯೇ. ಹೆದರಿ ಬಗ್ಗೋದು ಶರಣಾಗತಿ ಅಲ್ಲ. ಬೇರೆ ಏನು ಅಂತ ನಂಗೂ ಪೂರ್ತಿ ಗೊತ್ತಿಲ್ಲ’ ಅಂದಳು. ಗೊತ್ತಿಲ್ಲ ಅನ್ನುವುದೂ ಒಂದು ಪಟ್ಟು ಎಂದು ಯಾಕಂತೆ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಕೊನೆಗೆ ಏನಾದರೂ ಬೇಡುತ್ತಾಳೆ ಎಂದು ಕಾದ. ಅವಳು ಬೇಡಿದ್ದು ಒಂದೇ, ಕುರ್ಚಿಗಳನ್ನು ಗೋಡೆಗೆ ಸರಿಸಿ ಹೋಗಿ ಎಂದು.

ಜನ ಇಳಿದ ಮೇಲೆ ಅವನು ಮೆಟ್ಟಿಲ ತಲೆಯಲ್ಲಿ ಅವಳನ್ನು ತಡೆದ. ‘ನಾನು ಹೊಲಿಗೆಯವಳ ತಮ್ಮ. ನಮ್ಮಕ್ಕನ ಕಿವಿಗೆ ನಾದ ಗೀದ ಅಂತ ತುಂಬಿದೋರು ನೀವೇ ತಾನೆ?’

‘ಓ, ಕಿವಿ ಮಿಷನ್ನಿನವರು ನೀವೇನಾ?’ ಅವಳು ದೀಪ ಆರಿಸಲು ಹೋದವಳು ನಿಂತಳು. ‘ಈಗ ಹೇಗಿದ್ದಾರೆ? ನೀವು ನೋಡಿ ಏನೂ ತೊಂದರೆ ಇಲ್ಲ ಅಂದ್ರಂತಲ್ಲ.’

‘ನಾನಾ? ಯಾವಾಗ?’

‘ಅನಾಹತದ ಬಗ್ಗೆ ಮಾತಾಡಿದ ದಿನ ಅವರು, ನಂಗೆ ಕೇಳಿಸುತ್ತೆ ಅಂದ್ರು. ಎಲ್ಲಿ ಅಂದೆ. ಎಡಗಿವೀಲಿ ಅಂದ್ರು. ನಂಗೆ ಸರಿ ಅನ್ನಿಸಲಿಲ್ಲ. ಒಳಗಿನ ನಾದಕ್ಕೆ ಎಡ ಬಲ ಯಾಕೆ ಇರುತ್ತೆ? ಮೊದಲು ನಿಮ್ಮ ತಮ್ಮನಿಗೇ ತೋರಿಸಿ ಅಂದೆ. ಮುಂದಿನ ವಾರ ಬಂದು, ತೋರಿಸಿದೆ, ಪರೀಕ್ಷೆ ಮಾಡಿದ, ಕಿವಿ ಗಟ್ಟಿಮುಟ್ಟಾಗಿದೆ ಅಂದ ಅಂತ ಹೇಳಿದ್ರು.’

ಅವನು ಅವಳ ಮುಖವನ್ನೇ ನೋಡಿದ. ಸುಳ್ಳು ಹೇಳುವವರ ಕಣ್ಣು ಎಲ್ಲಿ ಅಲುಗುತ್ತದೆಂದು ಅವನಿಗೆ ಗೊತ್ತು. ಇಲ್ಲಿ ಅಲುಗಲಿಲ್ಲ. ಗೋಡೆ ಹಿಡಿದು ನಡೆಯುವ ಅಕ್ಕ, ಬಲಗಿವಿಗೆ ಫೋನು ಹಿಡಿಯುವ ಅಕ್ಕ ಒಟ್ಟಿಗೇ ಕಣ್ಣಮುಂದೆ ಬಂದರು. ಬೇರೆ ಯಾರಾದರೂ ಹಾಗೆ ನಡೆದಿದ್ದರೆ ಅಂಗಡಿಯ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದ. ಬೀದಿಯವರನ್ನೆಲ್ಲ ಒರೆಗೆ ಹಚ್ಚಿ, ಅಕ್ಕನೊಬ್ಬಳನ್ನು ಬಿಟ್ಟಿದ್ದ.

ಮರುದಿನ ಬೆಳಗ್ಗೆ ಅಕ್ಕನನ್ನು ಅಂಗಡಿಗೆ ಕರೆತಂದ. ಹೊಸ ಯಂತ್ರ ಬಂದಿದೆ, ಯಾರಿಗಾದರೂ ಹಾಕಿ ನೋಡಬೇಕು ಎಂದು ಸುಳ್ಳು ಹೇಳಿದ. ಅವಳು ನಂಬಿದ ಹಾಗೆ ಮಾಡಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸೀರೆಯ ಸೆರಗು ಮಡಿಲಲ್ಲಿ ಮಡಿಸಿಟ್ಟು, ಶಾಲೆಯ ಹುಡುಗಿಯಂತೆ ಕುಳಿತಳು. ಬಲಗಿವಿ ಸರಿಯಾಗಿತ್ತು. ಎಡಗಿವಿಗೂ ಅವಳು ಪ್ರತಿ ಸಲವೂ ಗುಂಡಿ ಒತ್ತಿದಳು. ತೀರಾ ಸಣ್ಣ ಸದ್ದಿಗೂ ಒತ್ತಿದಳು. ಅವನಿಗೆ ನಿರಾಳವಾಯಿತು. ಆದರೆ ಎದೆಯ ಯಾವುದೋ ಮೂಲೆ ಒಪ್ಪಲಿಲ್ಲ. ಸದ್ದು ಕಳಿಸದೆ ಸುಮ್ಮನೆ ಕೈ ಅಲುಗಿಸಿದ. ಅಕ್ಕ ಗುಂಡಿ ಒತ್ತಿದಳು.

ಅವನು ಎದ್ದು ಹೋಗಿ, ಅಕ್ಕನಿಗೇಕೆ ಎಂದು ಎಳೆಯದೆ ಬಿಟ್ಟಿದ್ದ ಪರದೆ ಎಳೆದ. ಮತ್ತೆ ಸದ್ದು ಕಳಿಸಿದ. ಜೋರು ಮಾಡಿದ. ಇನ್ನೂ ಜೋರು ಮಾಡಿದ. ಗುಂಡಿ ಒತ್ತಿದರೆ ಇವನ ಕಡೆ ಹೊತ್ತಬೇಕಾದ ದೀಪ ಹೊತ್ತಲೇ ಇಲ್ಲ.

ಬಾಗಿಲು ತೆಗೆದಾಗ ಅವಳೇ ಹೆಡ್‌ಫೋನ್ ಕಳಚಿ ಕೈಯಲ್ಲಿಟ್ಟುಕೊಂಡಿದ್ದಳು.

‘ಯಾಕೆ ಅಕ್ಕ ಮುಚ್ಚಿಟ್ಟೆ?’

‘ನೀನು ರೋಗ ಅಂತೀಯಾ ಅಂತ.’

‘ರೋಗ ಆದ್ರೆ ರೋಗ ಅನ್ನದೆ ಏನು ಅನ್ನಲಿ?’

ಅವಳು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ಕೂತಳು. ‘ನಿನ್ನ ಭಾವ ಇದ್ದಾಗ ದಿನಕ್ಕೆ ನೂರು ಸಲ ಕರೀತಿದ್ರು. ನೀರು ಕೊಡು, ಕನ್ನಡಕ ಎಲ್ಲಿ, ಬಾಗಿಲು ಹಾಕಿದೀಯಾ ಅಂತ. ಗೊಣಗ್ತಿದ್ದೆ. ಆಮೇಲೆ ಮನೇಲಿ ನನ್ನ ಕರೆಯೋರೇ ಇಲ್ಲ. ಗೋಡೆ ನೋಡ್ತಾ ಬಟ್ಟೆ ಹೊಲೀತೀನಿ. ಅಂಥದ್ರಲ್ಲಿ ಇದು ಶುರುವಾಯ್ತು. ಯಾರೋ ಕರೀತಿದ್ದಾರೆ ಅಂದುಕೊಂಡೆ. ಕಂಡಕ್ಟರಮ್ಮ ತೋರಿಸು ಅಂದ್ರು. ತೋರಿಸಿದ್ರೆ ಅದೂ ಹೋಗುತ್ತೆ ಅಂತ ಸುಳ್ಳು ಹೇಳಿದೆ. ಅಷ್ಟೇ ಕಣೋ.’

ಅವನು ಅವಳ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿ, ಮೊಳೆಗೆ ಸಿಕ್ಕಿಸಿದ.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಎಡಗಿವಿಯ ನರಕ್ಕೆ ಅಂಟಿಕೊಂಡು ಬೆಳೆದ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಮೆದುಳನ್ನು ಒತ್ತುತ್ತದೆ ಎಂದರು ಡಾಕ್ಟರು. ಯಾಕಂತೆ ಇನ್ನೊಬ್ಬ ಡಾಕ್ಟರನ್ನೂ ಕೇಳಿದ. ಅವರೂ ಅದನ್ನೇ ಹೇಳಿದ ಮೇಲೆ ಆಪರೇಷನ್ನಿಗೆ ಒಪ್ಪಿದ. ಗಡ್ಡೆ ತೆಗೆದರು. ಆ ಕಿವಿ ಮತ್ತೆ ಕೇಳೀತೆಂಬ ಆಸೆ ಅದರೊಂದಿಗೇ ಹೋಯಿತು. ಅಕ್ಕ ತಿಂಗಳುಗಟ್ಟಲೆ ಕೋಲು ಹಿಡಿದು ನಡೆದಳು.

ಕಂಡಕ್ಟರಮ್ಮ ಆಸ್ಪತ್ರೆಗೆ ಎರಡು ದಿನಕ್ಕೊಮ್ಮೆ ಬರುತ್ತಿದ್ದಳು. ಹಾಸಿಗೆಯ ಪಕ್ಕ ಕುಳಿತು ಬಸ್ಸಿನ ಕಾಲದ ಕಥೆ ಹೇಳಿ ಅಕ್ಕನನ್ನು ನಗಿಸುವಳು, ದೇವರ ಮಾತು ಎತ್ತಳು. ಯಾಕಂತೆ ಕಾರಿಡಾರಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: ‘ನಿಮಗೆ ಇದರಿಂದ ಏನು ಸಿಗುತ್ತೆ?’

‘ನಂಗೂ ಮನೇಲಿ ಯಾರೂ ಇಲ್ಲ’ ಅಂದಳು ಅವಳು. ‘ಬೇರೆ ಏನೋ ದೊಡ್ಡದು ಹೇಳ್ತೀನಿ ಅಂದುಕೊಂಡ್ರಾ?’

ಅವನು ಅದನ್ನೂ ಪೂರ್ತಿ ನಂಬಲಿಲ್ಲ. ಅಕ್ಕನ ಮನೆಯ ಕಾಗದಗಳನ್ನು ಅಂಗಡಿಯ ಕಪಾಟಿಗೆ ತಂದಿಟ್ಟುಕೊಂಡ. ಅಕ್ಕನಿಗೆ ಅದು ಗೊತ್ತಾಗಿ ನಕ್ಕಳು, ವಾಪಸ್ ಕೇಳಲಿಲ್ಲ.

ಹುಷಾರಾದ ಮೇಲೆ ಅವಳು ಮತ್ತೆ ಲಾಂಡ್ರಿಯ ಮೇಲಿನ ಕೋಣೆಗೆ ಹೋಗುತ್ತೇನೆ ಎಂದಳು. ಮೆಟ್ಟಿಲು ಕಡಿದು, ಕೈ ಹಿಡಿಯಬೇಕು ಎಂಬ ನೆವ ಮಾಡಿಕೊಂಡು ಅವನೂ ಹೋದ. ಅಂದು ದಾದಿ ಅವಳನ್ನು ನೇರವಾಗಿಯೇ ಕೇಳಿದಳು: ‘ಈಗ ಆ ನಾದ ನಿಂತುಹೋಯ್ತಾ?’

‘ಇಲ್ಲ, ಹಾಗೇ ಇದೆ’ ಅಂದಳು ಅಕ್ಕ. ‘ನರ ಹೋದ್ರೂ ಸದ್ದು ಉಳಿಯಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ರು. ಅದು ಅನಾಹತ ಅಲ್ಲ, ನಂಗೀಗ ಗೊತ್ತು. ಆದ್ರೆ ಅದನ್ನ ಕೇಳ್ತಾ ಸುಮ್ಮನೆ ಕೂತಿರ್ತಿದ್ನಲ್ಲ, ಆಗ ಏನೋ ಬೇರೆ ಇತ್ತು. ಸದ್ದಲ್ಲ. ಅದಕ್ಕೆ ಏನು ಹೆಸರು ಅಂತ ನಂಗೆ ತಿಳೀದು.’

ಯಾರೂ ಹೆಸರು ಕೊಡಲಿಲ್ಲ. ಕಂಡಕ್ಟರಮ್ಮ ಲೋಟಕ್ಕೆ ನೀರು ಬಗ್ಗಿಸಿ ಅಕ್ಕನ ಮುಂದಿಟ್ಟಳು. ಯಾಕಂತೆ ಪಕ್ಕದಿಂದ ಅಕ್ಕನ ಮುಖ ನೋಡಿದ. ಜನರ ಮುಂದೆ ಮಾನ ಉಳಿಸಿಕೊಳ್ಳಲು ಹೇಳಿದ್ದೋ, ನಿಜವಾಗಿ ಹಾಗನ್ನಿಸಿತ್ತೋ ಎಂದು ಹುಡುಕಿದ. ಗೊತ್ತಾಗಲಿಲ್ಲ. ಇಳಿಯುವಾಗ ಕೇಳೋಣ ಎಂದುಕೊಂಡವನು, ಮೆಟ್ಟಿಲಲ್ಲಿ ಅವಳು ತನ್ನ ತೋಳಿಗೆ ಪೂರಾ ಭಾರ ಹಾಕಿ ಇಳಿಯುತ್ತಿದ್ದಾಗ, ಬಲಗಡೆಗೆ ಬಂದು ಅವಳಿಗೆ ಕೇಳುವ ಹಾಗೆ, ‘ಮುಂದಿನ ವಾರ ಯಾವ ಮಾತಂತೆ?’ ಎಂದಷ್ಟೇ ಅಂದ.

‘ಅನುಗ್ರಹ’ ಎಂದಳು ಅಕ್ಕ. ‘ನಿಂಗೆ ಅದರಲ್ಲಿ ಕೇಳೋದು ಬಹಳ ಇರುತ್ತೆ, ಬಾ.’