ಹೊರಗಿನ ಚಿಲಕ

ಮೇಸ್ತ್ರಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷದ ಸಿಮೆಂಟು ಅವನ್ನು ತಿಂದುಹಾಕಿತ್ತು. ತುದಿಯ ಚರ್ಮ ಬೇಯಿಸಿ ಸುಲಿದ ಗೆಣಸಿನಂತೆ ನುಣ್ಣಗೆ, ಬೆಳ್ಳಗೆ. ಉಗುರಿನ ಸುತ್ತ ಮಾತ್ರ ಕಪ್ಪು ಸೀಳುಗಳು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲವಂತೆ. "ನಾನು ಉಸಿರಾಡ್ತಾ ಇದೀನಿ ಅಂತ ಆ ಮಿಷಿನ್ನಿಗೆ ನಂಬಿಕೆ ಇಲ್ಲ ಅಮ್ಮಣಿ, ಹೆಂಡ್ತೀನೇ ಕಳಿಸ್ತೀನಿ" ಎಂದು ನಗುತ್ತಿದ್ದರು.

ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಮನೆ ಕಟ್ಟಿಸಲು ಅವರನ್ನು ಕರೆಸಿದವಳು ನಾನು. ಕೊಳ್ಳೇಗಾಲದ ಕಡೆಯಿಂದ ತಮಿಳುನಾಡಿನ ತಿರುಪ್ಪೂರಿಗೆ ಮದುವೆಯಾಗಿ ಬಂದವಳು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲಿ ನೇಯ್ದು ಬದುಕಿದವರು. ಈಗ ಮಗ್ಗಗಳು ಹೋಗಿ, ಹತ್ತು ಹೊಲಿಗೆ ಮಿಷಿನ್ನುಗಳ ಬನಿಯನ್ ಕಂಪನಿ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಫೋನಿನಲ್ಲಿ ಹೆಂಡತಿಯ ಜೊತೆ ಕನ್ನಡ ಮಾತಾಡುವುದು ಕೇಳಿ ತಿರುಗಿ ನೋಡಿದೆ. ಅವರೇ ಮೇಸ್ತ್ರಿ. ಕಿಣತ್ತುಕಡವಿನ ಹತ್ತಿರದ ಬೇಸಾಯದ ಮನೆತನ, ಮನೆಮಾತು ಕನ್ನಡ, ಚಿಕ್ಕಂದಿನಿಂದ ಕಟ್ಟಡದ ಕೆಲಸ. ಆವತ್ತೇ ಬಂದು ಜಾಗ ನೋಡಿದರು.

ಮನೆ ಬೇಕಾಗಿದ್ದದ್ದು ನನ್ನ ಭಾವನಿಗೆ, ನನ್ನ ಗಂಡನ ಅಣ್ಣನಿಗೆ. ಇಪ್ಪತ್ತರ ಹರೆಯದಲ್ಲಿ ಅವರ ಮನಸ್ಸು ಕದಡಿತ್ತು, ಮತ್ತೆ ತಿಳಿಯಾಗಲಿಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಕೆಲವು ದಿನ ಗಂಟೆಗಟ್ಟಲೆ ಕೂಗುತ್ತಿದ್ದರು, ಹೇಳದೆ ಹೊರಟುಬಿಡುತ್ತಿದ್ದರು. ಎರಡು ಸಲ ಅವಿನಾಶಿ ರಸ್ತೆಯಲ್ಲಿ ಲಾರಿಗಳ ನಡುವಿನಿಂದ ಹಿಡಿದು ತಂದಿದ್ದೆವು. ಅತ್ತೆ ತೀರಿಕೊಂಡ ಮೇಲೆ ಎಲ್ಲವೂ ನನ್ನ ಮೇಲೆ ಬಿತ್ತು. ಒಂದು ದಿನ ಅವರು ಪ್ಲಸ್ ಟೂ ಓದುತ್ತಿದ್ದ ನನ್ನ ಮಗಳ ಪುಸ್ತಕಗಳನ್ನೆಲ್ಲ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಯಾಕೆಂದು ಕೇಳಿದರೆ "ಸುಡ್ತಾ ಇದ್ವು" ಎಂದರು. ಅವರು ಈ ಮನೆಯೊಳಗಿರಬೇಕು, ಇಲ್ಲವೇ ನಾನಿರಬೇಕು ಎಂದು ಗಂಡನಿಗೆ ಹೇಳಿಬಿಟ್ಟೆ. ಹಿತ್ತಲಿನ ಹಳೆಯ ಮಗ್ಗದ ಕೊಟ್ಟಿಗೆ ಕೆಡವಿ ಅಲ್ಲಿ ಒಂದು ಕೋಣೆ, ಬಚ್ಚಲು, ಮುಂದೊಂದು ಜಗಲಿ ಎಂದು ತೀರ್ಮಾನವಾಯಿತು.

ಮೇಸ್ತ್ರಿ ಟೇಪು ಬಿಚ್ಚುವ ಮೊದಲು ಕೇಳಿದರು: "ಇದ್ರಲ್ಲಿ ಯಾರು ಇರೋದು?"

"ನಮ್ಮ ಭಾವ."

"ಅವರನ್ನ ಕರೀರಿ."

"ಅವರಿಗೆ ಅಷ್ಟೆಲ್ಲ ತಿಳಿಯಲ್ಲ."

"ಮಲಗೋದು ತಿಳಿಯುತ್ತಲ್ಲ?"

ಭಾವ ಬಂದರು. ಮೇಸ್ತ್ರಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, "ಸಾಮಿ, ಯಾವ ಕಡೆ ತಲೆ ಇಟ್ಟು ಮಲಗ್ತೀರಿ? ಜನ್ನಲ್ ಎಲ್ಲಿ ಇಡ್ಲಿ?" ಎಂದರು. ಭಾವನನ್ನು ಯಾರಾದರೂ ಏನನ್ನಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಅವರು ಪಕ್ಕದ ಮನೆಯ ನುಗ್ಗೆಮರದ ಕಡೆ ಕೈ ತೋರಿಸಿದರು. ಕಿಟಕಿ ಅಲ್ಲೇ ಬಂತು.

ಗೋಡೆ ಎದ್ದ ಮೇಲೆ ನೀರು ಹಾಯಿಸುವ ಕೆಲಸವನ್ನು ಮೇಸ್ತ್ರಿ ಭಾವನಿಗೇ ಒಪ್ಪಿಸಿದರು. "ಗೋಡೆಗೆ ದಾಹ ಜಾಸ್ತಿ ಸಾಮಿ, ಅದು ಕೇಳಲ್ಲ, ನಾವೇ ನೋಡಿ ಕೊಡಬೇಕು." ಬೆಳಿಗ್ಗೆ ಸಂಜೆ ಭಾವ ಪೈಪು ಹಿಡಿದು ಒಂದೊಂದು ಇಟ್ಟಿಗೆಯನ್ನೂ ಬಿಡದೆ ನೆನೆಸುತ್ತಿದ್ದರು. ಆ ಎರಡು ತಿಂಗಳು ಅವರು ಕೂಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ. ಆದರೂ ನನ್ನ ತಲೆಯೊಳಗೆ ಬಾಗಿಲೊಂದೇ ಇತ್ತು.

ಬಡಗಿ ಬಾಗಿಲು ತಂದ ದಿನ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ಚಿಲಕ ಹೊರಗಡೆ ಇರಲಿ, ಒಳಗೆ ಬೇಡ ಎಂದೆ.

ಅವರ ಮುಖ ಗಟ್ಟಿಯಾಯಿತು. "ಹೊರಗೆ ತಾಪ್ಪಾ ನಾನು ಇಡಲ್ಲ ಅಮ್ಮಣಿ."

"ಅವರು ರಸ್ತೆಗೆ ಹೋಗ್ತಾರೆ ಮೇಸ್ತ್ರಿ. ಲಾರಿಗೆ ಸಿಕ್ಕಿಬಿದ್ರೆ?"

"ಗೇಟಿಗೆ ಬೀಗ ಹಾಕಿ. ಕಾಂಪೌಂಡು ಎರಡಡಿ ಏರಿಸಿ ಕೊಡ್ತೀನಿ. ಹಿತ್ತಲೆಲ್ಲ ಓಡಾಡ್ಲಿ." ಬಾಗಿಲ ಮೇಲೆ ಕೈಯಿಟ್ಟು, "ಒಂದ್ಸಲ ಇನ್ನೊಂದು ಮನೇಲಿ ಇಟ್ಟುಕೊಟ್ಟಿದ್ದೆ. ಆಮೇಲೆ ಆ ಬೀದಿಗೆ ಹೋಗೋಕೇ ಆಗಲಿಲ್ಲ" ಎಂದರು. ಏನಾಯಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸರಿ, ಗೇಟೇ ಸಾಕು ಎಂದೆ. ಅವರು ಕಾಂಪೌಂಡು ಏರಿಸಿಕೊಟ್ಟರು. ಕೆಲಸ ಮುಗಿಸಿ ಹೋದ ಮರುವಾರ ಬೇರೊಬ್ಬ ಬಡಗಿಯನ್ನು ಕರೆಸಿ, ಹೊರಗಡೆ ಕಬ್ಬಿಣದ ಚಿಲಕ ಹಾಕಿಸಿದೆ.

ಚಿತ್ತಿರೈ ತಿಂಗಳ ಬಿಸಿಲಲ್ಲಿ ಮೆಟ್ಟುಪಾಳ್ಯಂನಲ್ಲಿ ಒಂದು ಮದುವೆ. ಭಾವನಿಗೆ ಅನ್ನ ನೀರು ಇಟ್ಟು, ಫ್ಯಾನು ಹಾಕಿ, ಚಿಲಕ ಜಡಿದು ಹೊರಟೆವು. ಮಧ್ಯಾಹ್ನಕ್ಕೆ ಬಂದುಬಿಡಬೇಕೆಂದುಕೊಂಡವರು ಊಟ, ಮಾತು, ಫೋಟೊ ಎಂದು ನಿಂತೆವು. ಇಲ್ಲಿ ಹತ್ತು ಗಂಟೆಗೇ ಕರೆಂಟು ಹೋಗಿತ್ತಂತೆ. ಬಿಸಿಲಿಗೆ ಕಾದ ತಾರಸಿಯ ಕೆಳಗೆ ಭಾವ ಬಾಗಿಲು ಬಡಿದಿದ್ದಾರೆ, ಕೂಗಿದ್ದಾರೆ. ಅವರು ಕೂಗುವುದು ಅಕ್ಕಪಕ್ಕದವರಿಗೆ ಹೊಸದಲ್ಲ.

ಮೇಸ್ತ್ರಿ ಆಗಾಗ ಭಾವನನ್ನು ನೋಡಲು ಬರುತ್ತಿದ್ದರು, ಗೇಟಿನ ಹತ್ತಿರವೇ ಕರೆಸಿ ಮಾತಾಡಿಸಿ ಹೋಗುತ್ತಿದ್ದರು; ಹೊಸ ಚಿಲಕ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆವತ್ತು ತಾಟಿನಿಂಗು ತಂದಿದ್ದರು. ಗೇಟಿಗೆ ಬೀಗ. ಒಳಗಿಂದ ಬಾಗಿಲು ಕೆರೆಯುವ ಸದ್ದು ಕೇಳಿ, ಅರವತ್ತು ದಾಟಿದ ಆ ಮನುಷ್ಯ ಕಾಂಪೌಂಡು ಹತ್ತಿ ಹಾರಿದರು. ನಾವು ಬಂದಾಗ ಗೇಟಿನ ಬೀಗ ಒಡೆದಿತ್ತು, ನಿಂಗುಗಳು ಧೂಳಿನಲ್ಲಿ ಬಿದ್ದಿದ್ದವು. ಮೇಸ್ತ್ರಿ ಭಾವನನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದಿದ್ದಾರೆ, ಓಡಿ ಎಂದರು ಎದುರು ಮನೆಯವರು.

ಭಾವ ಸಂಜೆಯ ಹೊತ್ತಿಗೆ ಹೋಗಿಬಿಟ್ಟರು. ಅವರ ಎರಡು ಕೈಯ ಉಗುರುಗಳೂ ಒಡೆದಿದ್ದವು.

ಆಸ್ಪತ್ರೆಯ ಪೊಲೀಸಿನವರು ಪುಸ್ತಕ ಹಿಡಿದು ಬಂದರು. ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತೇ ಎಂದು ಕೇಳಿದರು. ಮಗಳು ನನ್ನ ಸೆರಗು ಹಿಡಿದು, "ಅಮ್ಮಾ, ನಿನ್ನ ಕರ್ಕೊಂಡು ಹೋಗ್ತಾರಾ?" ಎಂದಳು. ಗೋಡೆಗೊರಗಿ ನಿಂತಿದ್ದ ಮೇಸ್ತ್ರಿ ಅವಳನ್ನು ನೋಡಿದರು. ಆಮೇಲೆ ಮುಂದೆ ಬಂದು ತಮಿಳಿನಲ್ಲಿ ಹೇಳಿದರು: "ಬೀಗ ಇರಲಿಲ್ಲ ಸಾರ್. ಚೌಕಟ್ಟು ಇಳಿದು ಬಾಗಿಲು ಬಿಗಿದುಕೊಂಡಿತ್ತು. ಕಟ್ಟಿದವನು ನಾನೇ. ತಪ್ಪು ನನ್ನದು." ಹಾಗೆಯೇ ಬರೆದುಕೊಂಡರು. ನಾನೂ ನನ್ನ ಗಂಡನೂ ಪಕ್ಕದಲ್ಲೇ ನಿಂತಿದ್ದೆವು.

ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವರು ಚೀಲದಿಂದ ಆ ಚಿಲಕ ತೆಗೆದು ನನ್ನ ಕೈಗೆ ಕೊಟ್ಟರು. ಬಾಗಿಲಿನಿಂದ ಕಿತ್ತು ತಂದಿದ್ದರು. "ಗೇಟು ಸಾಕು ಅಂದ್ರಲ್ಲ ಅಮ್ಮಣಿ."

"ಯಾಕೆ ಹಾಗೆ ಹೇಳಿದ್ರಿ ಮೇಸ್ತ್ರಿ?"

"ಆ ಪಾಪ್ಪಾ ಮುಖ ನೋಡ್ದೆ. ನಿಮಗೋಸ್ಕರ ಅಲ್ಲ. ನಿಮ್ಮನ್ನ ನೋಡಿದ್ರೆ ನನ್ನ ಹೊಟ್ಟೆ ಉರೀತದೆ."

ಮತ್ತೆ ಅವರು ನಮ್ಮ ಮನೆಯ ಕಡೆ ಬರಲಿಲ್ಲ.

ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಅವರು ಕಟ್ಟಿದ ಮನೆಯ ಬಾಗಿಲು ಬಿಗಿದು ಒಬ್ಬ ಸತ್ತನಂತೆ ಎಂದು ಎಲ್ಲರೂ ಆಡಿಕೊಂಡರು. ತಳಪಾಯ ಹಾಕಿಸಿದ್ದ ಇಬ್ಬರು ಬೇರೆಯವರನ್ನು ಹುಡುಕಿಕೊಂಡರು. ಅವರ ಕೈಕೆಳಗಿದ್ದವರು ಚದುರಿಹೋದರು. ಹತ್ತಾರು ಮನೆ ಎಬ್ಬಿಸಿದ ಮೇಸ್ತ್ರಿ ಮದುಕ್ಕರೈ ಕಡೆ ಇನ್ನೊಬ್ಬರ ಕೆಳಗೆ ದಿನಗೂಲಿಗೆ ಹೋಗುತ್ತಿದ್ದಾರೆಂದು ಹಾರ್ಡ್‌ವೇರ್ ಅಂಗಡಿಯವರು ಹೇಳಿದರು. ಹೋಗಿ ನಿಜ ಹೇಳಬೇಕು ಎಂದು ನಾನೂ ಗಂಡನೂ ಮಾತಾಡಿಕೊಂಡೆವು. ಮಗಳ ರಿಸಲ್ಟ್ ಬರಲಿ ಎಂದೆವು. ಆಮೇಲೆ ಕಾಲೇಜು ಸೇರಲಿ ಎಂದೆವು. ಆಮೇಲೆ ಮಾತಾಡುವುದನ್ನೇ ಬಿಟ್ಟೆವು.

ಮೂರನೆಯ ವರ್ಷ ಯಾವುದೋ ಕಟ್ಟಡದಲ್ಲಿ, ಮಧ್ಯಾಹ್ನದ ಊಟಕ್ಕೆ ಕೈ ತೊಳೆಯಲು ಬಗ್ಗಿದ ಮೇಸ್ತ್ರಿ ಮತ್ತೆ ಏಳಲಿಲ್ಲ.

ಅವರ ಮನೆಗೆ ನಾನೊಬ್ಬಳೇ ಹೋದೆ. ಎರಡು ಕೋಣೆಯ ಹೆಂಚಿನ ಮನೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನಾನು ಯಾರೆಂದು ಹೇಳುತ್ತಲೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಒಂದು ಕ್ಷಣ, ಇವರಿಗೆ ಎಲ್ಲ ಗೊತ್ತಿದೆ ಎಂದುಕೊಂಡೆ. ಗೊತ್ತಿದ್ದರೆ ಒಳ್ಳೆಯದು ಎಂದೂ ಅನಿಸಿತು.

"ನಿಮ್ಮನೆ ಬಾಗಿಲೊಂದೇ ಅಮ್ಮಣಿ ಅವರ ಕೈ ತಪ್ಪಿದ್ದು" ಎಂದರು ಅವರು. "ಬೇರೆ ಯಾವ ಕೆಲಸದಲ್ಲೂ ಹಾಗೆ ಆಗಿಲ್ಲ. ಅದು ಹೇಗಾಯ್ತು ಅಂತ ನಂಗೂ ಹೇಳಲಿಲ್ಲ, ಕೇಳಿದ್ರೆ ಎದ್ದು ಹೋಗೋರು. ನಿಮ್ಮ ಭಾವನ ಜೀವ ಹೋಯ್ತು. ಹೋದವರ ಮೇಲೆ ಕೋಪ ಇಟ್ಕೋಬೇಡಿ. ಅವರ ಪರವಾಗಿ ನಾನು ಕೇಳ್ಕೋತೀನಿ, ಮನ್ನಿಚ್ಚುಬಿಡಿ."

ಅಲ್ಲಿ ಹತ್ತಾರು ಜನ ಇದ್ದರು. ಅವರ ಮಗ ಇದ್ದ, ಸೊಸೆ ಇದ್ದಳು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

"ಬಿಡಿ ಅಕ್ಕಾ, ಆಗಿದ್ದು ಆಯ್ತು" ಎಂದೆ. ಅವರು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಇದನ್ನೆಲ್ಲ ಈಗ ಕನ್ನಡದಲ್ಲಿ ಬರೆದಿದ್ದೇನೆ. ಮೇಸ್ತ್ರಿಯ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ಅದು ನನಗೆ ಗೊತ್ತು.