ಪಟ್ಟಿ ಮ್ಯಾಲೆ ನಾ ನಿಂತಾಗ

ಇಳಕಲ್ಲಾಗ ಅಳಿಯನ ಮಗ್ಗದ ಶೆಡ್ಡಿಗೆ ನೆಲ ಸಮ ಮಾಡೂದಿತ್ತು. ಬಾಡಿಗಿಗೆ ತಂದ ಮಣ್ಣು ಕೆದರೂ ಸಣ್ಣ ಚೈನ್ ಗಾಡಿ ಸಂಜಿಗೆ ವಾಪಸ್ ಹೋಗಬೇಕಿತ್ತು.

"ಮುಂದ ಹಲ್ಲಿನ ಬಕೆಟ್ ಹಚ್ಚಲ್ಯೋ, ಮಣ್ಣು ಸವರೂ ಅಗಲ ಕಬ್ಬಿಣದ ಪಟ್ಟಿ ಹಚ್ಚಲ್ಯೋ, ಅಜ್ಜಾರ?" ಅಂದ ಡ್ರೈವರ್.

ಎತ್ತಿಗೆ ಕೊರಡು ಕಟ್ಟಿ ಏಳೂರ ಹೊಲ ಸಮ ಮಾಡಿದಾವ ನಾ. "ಪಟ್ಟೀನ ಹಚ್ಚೋ" ಅಂದೆ.

ಗಟ್ಟಿ ನೆಲದ ಮ್ಯಾಲೆ ಪಟ್ಟಿ ಜಿಗಿದಾಡಾಕ ಹತ್ತಿತು. ಕೊರಡು ಜಿಗಿದ್ರ ಭಾರಕ್ಕ ಮನುಷ್ಯಾ ಹತ್ತಿ ನಿಲ್ಲೂದು ನಮ್ಮ ರೂಢಿ. ಗಾಡಿ ನಿಂತಾಗ ಪಟ್ಟಿ ಮ್ಯಾಲೆ ಹತ್ತಿ ನಿಂತೆ.

"ಇಳೀರಿ! ನೀವು ಬಿದ್ರ ನನ್ನ ನೌಕರಿ ಹೋಗ್ತೈತಿ!"

"ನಾ ನಿಂತ್ರ ಬಾದಾಮಿ ಗುಡ್ಡಾನೂ ಸಪಾಟ ಆಗ್ತೈತಿ, ನಡಿಲೇ!"

ಅವ ಕೀಲಿ ಕಿತ್ತು ಕಿಸೆದಾಗ ಇಟ್ಕೊಂಡ. ಅಳಿಯ ಕೈ ಮುಗಿದ, "ಮಾವಾರ, ಹೊತ್ತು ಹೊಂಟೈತ್ರಿ." ಇಳಿದೆ.

ಡ್ರೈವರ್ ಮೊದಲ ಹಲ್ಲಿನ ಬಕೆಟ್ಟಿಲೆ ನೆಲ ಕೆದರಿ, ಆಮ್ಯಾಲೆ ಪಟ್ಟಿ ಎಳೆದ. ಸಂಜಿಯೊಳಗ ನೆಲ ಸಪಾಟಾತು.

ಅಳಿಯ ಇವತ್ತಿಗೂ ಡ್ರೈವರನ್ನ ಹೊಗಳ್ತಾನ. ಹೊಗಳ್ಲಿ ಬಿಡ್ರಿ. ನಾ ಮತ್ತ ಹತ್ತೇನು ಅನ್ನೂ ಅಂಜಿಕಿಗೇ ಆ ನೆಲ ಮಲಗಿದ್ದು.